ಜನ ಕಮ್ಮಿ ಆಗ್ತಿದ್ರೂ ಮನೆ ಯಾಕೆ ಕೈಗೆ ಸಿಕ್ತಿಲ್ಲ?

ಮೂರನೇ ಮಹಡಿ:
ತುಂಬಾ ದಿನದಿಂದ ತಲೆ ಕೊರೀತಿರೋ ಪ್ರಶ್ನೆ, ಇಲ್ಲಿ ತಿಳಿದವ್ರು ಇದೀರ ಅಂತ ಕೇಳ್ತಿದೀನಿ. ಯಾವ ನ್ಯೂಸ್ ನೋಡಿದ್ರೂ ಮಕ್ಕಳು ಹುಟ್ಟೋದು ಕಮ್ಮಿ ಆಯ್ತು ಅನ್ನೋದೇ. ಜಪಾನಲ್ಲಿ 2008ರ ಹೊತ್ತಿಂದ ಜನ ಕರಗ್ತಿದಾರೆ, ಚೀನಾದಲ್ಲೂ 2022ರಿಂದ ಇಳಿಯೋಕೆ ಶುರುವಾಗಿದೆ, ದಕ್ಷಿಣ ಕೊರಿಯಾದಲ್ಲಂತೂ ಒಬ್ಬ ಹೆಂಗಸಿಗೆ ಸರಾಸರಿ ಒಂದು ಮಗೂನೂ ಇಲ್ಲ, 2023ರಲ್ಲಿ 0.72 ಅಂತೆ. ಸರಿ, ಜನ ಕಮ್ಮಿ ಆದ್ರೆ ಮನೆ ಕೇಳೋರೂ ಕಮ್ಮಿ ಆಗ್ಬೇಕಲ್ವಾ, ಬೆಲೆ ಇಳೀಬೇಕಲ್ವಾ? ಆದ್ರೆ ಅದೇ ಕೊರಿಯಾದಲ್ಲಿ ಮನೆ ಮಾಡೋಕಾಗಲ್ಲ ಅಂತ ಹುಡುಗ್ರು ಹುಡುಗೀರು ಮದುವೆನೇ ಮುಂದಕ್ಕೆ ಹಾಕ್ತಿದಾರಂತೆ. ಇದ್ಯಾವ ಲೆಕ್ಕ ಅಂತ ನಂಗಂತೂ ಅರ್ಥ ಆಗಿಲ್ಲ.

ನಮ್ದು ಗಂಡ ಹೆಂಡ್ತಿ ಇಬ್ರ ದುಡಿಮೆ, ಒಬ್ಳು ಮಗಳು, ಏಳು ವರ್ಷದಲ್ಲಿ ಇದು ನಾಲ್ಕನೇ ಬಾಡಿಗೆ ಮನೆ. ಪ್ರತಿ ಸಲ ಮಂಚ ಬಿಚ್ಚೋದು, ಬೋಲ್ಟೆಲ್ಲ ಒಂದು ಹಳೇ ಮಾತ್ರೆ ಡಬ್ಬಿಗೆ ಹಾಕೋದು, ಹೊಸ ಮನೇಲಿ ಮತ್ತೆ ಜೋಡಿಸೋದು. ಎರಡನೇ ಸಲ ಶಿಫ್ಟ್ ಮಾಡುವಾಗ ಒಂದು ಬೋಲ್ಟ್ ಎಲ್ಲೋ ಬಿದ್ದೋಯ್ತು, ಆವತ್ತಿಂದ ಮಗ್ಗುಲು ಬದಲಾಯ್ಸಿದ್ರೆ ಮಂಚ ಕಿರ್ರ್ ಅನ್ನುತ್ತೆ. ರಾತ್ರಿ ಅದು ಕಿರ್ರ್ ಅಂದ್ರೆ ಸಾಕು ನಂಗೆ ಓನರ್ ಮುಂದಿನ ಸಲ ಎಷ್ಟು ಏರಿಸ್ತಾನೋ ಅಂತ ನೆನಪಾಗಿ ನಿದ್ದೆ ಹಾರೋಗುತ್ತೆ. ಇಬ್ರ ಸಂಬಳ ಸೇರ್ಸಿ ಐದು ಪಾಲು ಮಾಡಿದ್ರೆ ಎರಡು ಪಾಲು ಬಾಡಿಗೆಗೇ ಹೋಗ್ತಿದೆ.

ಅಂಕಿ ಹುಚ್ಚ:
ನಿಮ್ಮ ಪ್ರಶ್ನೇಲೇ ಒಂದು ಸಣ್ಣ ಎಡವಟ್ಟಿದೆ ಸಾರ್, ನೀವು ತಲೆ ಎಣಿಸ್ತಿದೀರ. ಮನೆ ಬೇಕಾಗೋದು ತಲೆ ಲೆಕ್ಕದಲ್ಲಿ ಅಲ್ಲ, ಒಕ್ಕಲು ಲೆಕ್ಕದಲ್ಲಿ. ಹಳಬ್ರು ಊರು ಎಷ್ಟು ದೊಡ್ದು ಅಂದ್ರೆ ಇಷ್ಟು ಒಕ್ಕಲು ಅಂತಿದ್ರಲ್ಲ, ಅದೇ ಸರಿ.

ಅಮೆರಿಕದ ಲೆಕ್ಕ ತಗೊಳ್ಳಿ, ಅಲ್ಲಿ ಅಂಕಿ ನೀಟಾಗಿ ಸಿಗುತ್ತೆ. 1960ರಲ್ಲಿ ಒಂದು ಮನೇಲಿ ಸರಾಸರಿ 3.33 ಜನ ಇದ್ರು, ಈಗ ಹತ್ತಿರತ್ತಿರ 2.5. ಅಂದ್ರೆ ನೂರು ಜನಕ್ಕೆ ಆಗ 30 ಮನೆ ಸಾಕಾಗಿತ್ತು, ಈಗ ಅದೇ ನೂರು ಜನಕ್ಕೆ 40 ಬೇಕು. ಜನಸಂಖ್ಯೆ ನೂರರಿಂದ ತೊಂಬತ್ತಕ್ಕೆ ಇಳಿದ್ರೂ 36 ಮನೆ ಬೇಕೇ ಬೇಕು, ಹಳೇ 30ಕ್ಕಿಂತ ಜಾಸ್ತೀನೇ. ತಡವಾಗಿ ಮದುವೆ, ಡೈವೋರ್ಸ್, ಒಂದೇ ಮಗು, ಗಂಡ ಹೋದ್ಮೇಲೂ ಇಪ್ಪತ್ತು ವರ್ಷ ಒಬ್ರೇ ಬದುಕೋ ಅಜ್ಜೀರು, ಇವೆಲ್ಲ ಸೇರಿ ಮನೆಗಳನ್ನ ಹೋಳು ಮಾಡ್ತಿವೆ. ಜಪಾನಲ್ಲಿ 2020ರ ಸೆನ್ಸಸ್ ಪ್ರಕಾರ ಹತ್ತು ಮನೇಲಿ ಹೆಚ್ಚುಕಮ್ಮಿ ನಾಲ್ಕರಲ್ಲಿ ಒಬ್ರೇ ಇರೋದು.

ಒಂಟಿ ಸಲಗ:
ಅಂದ್ರೆ ತಪ್ಪೆಲ್ಲ ನಂದೇ ಅಂತಾಯ್ತು 😄 ಮದುವೆ ಆಗಿಲ್ಲ ಅಂತ ಮನೇಲಿ ಬೈಸ್ಕೊಳೋದು ಸಾಲ್ದು ಅಂತ ಈಗ ಮನೆ ಬೆಲೆ ಏರಿದ್ದಕ್ಕೂ ನಾನೇ ಕಾರಣ.

ಅಂಕಿ ಹುಚ್ಚ:
ಹಹ ಗುರು, ನಿನ್ನೊಬ್ಬನಿಂದ ಅಲ್ಲ ಬಿಡು. ಆದ್ರೆ ಒಂದು ಒಲೆ, ಒಂದು ಬಚ್ಚಲು, ಒಂದು ಮೀಟರ್ ನಿನ್ನೊಬ್ಬನ ಹೆಸರಲ್ಲಿ ಓಡ್ತಿದೆ ಅನ್ನೋದಂತೂ ನಿಜ.

ನೇರ ಮಾತು:
ಈ ಜನಸಂಖ್ಯೆ ಥಿಯರಿ ಕೇಳಿ ಕೇಳಿ ಸಾಕಾಗಿದೆ. ಜನಸಂಖ್ಯೆ ಆಮೆ ಥರ ನಡೆಯುತ್ತೆ, ಮನೆ ಬೆಲೆ ಕುದುರೆ ಥರ ಓಡುತ್ತೆ, ಆಮೆ ಹೋಗಿ ಕುದುರೆ ಎಳೆಯುತ್ತಾ? 2020ರಿಂದ 2022ರ ಮಧ್ಯೆ ಎಷ್ಟೋ ದೇಶದಲ್ಲಿ ಬೆಲೆ ಸಿಕ್ಕಾಪಟ್ಟೆ ಏರ್ತು, ಆ ಎರಡು ವರ್ಷದಲ್ಲಿ ಎಷ್ಟು ಜನ ಹೊಸದಾಗಿ ಹುಟ್ಟಿ ಬೆಳೆದು ಮನೆ ಹುಡುಕೋಕೆ ಬಂದ್ರು? ಬಡ್ಡಿ ಬಿತ್ತು, ದುಡ್ಡಿದ್ದೋರು ನುಗ್ಗಿದ್ರು, ಬೆಲೆ ಏರ್ತು, ಇಷ್ಟೇ ಕತೆ.

ಇನ್ನೊಂದು. 1989ರಲ್ಲಿ ಮ್ಯಾನ್ಕಿವ್ ಮತ್ತು ವೈಲ್ ಅಂತ ಇಬ್ರು ಎಕನಾಮಿಸ್ಟ್‌ಗಳು ಇದೇ ನಿಮ್ಮ ಥರ ವಯಸ್ಸು ತಲೆ ಎಲ್ಲ ಎಣಿಸಿ ಒಂದು ಪೇಪರ್ ಬರೆದ್ರು. 1946ರಿಂದ 64ರ ಬೇಬಿ ಬೂಮ್ ಕಾಲದಲ್ಲಿ ಸಿಕ್ಕಾಪಟ್ಟೆ ಹುಟ್ಟಿದ ಮಕ್ಕಳು ಮನೆ ತಗೊಂಡು ಮುಗಿಸಿದ್ರು, ಹಿಂದೆ ಬರೋ ತಲೆಮಾರು ಚಿಕ್ಕದು, ಹಂಗಾಗಿ ಮುಂದಿನ ಇಪ್ಪತ್ತು ವರ್ಷದಲ್ಲಿ ಅಮೆರಿಕದ ಮನೆ ಬೆಲೆ ಜೋರಾಗಿ ಬೀಳುತ್ತೆ ಅಂತ. ಆಗಿದ್ದೇನು? ತೊಂಬತ್ತರ ದಶಕದ ಕೊನೆಯಿಂದ 2006ರ ತನಕ ಏರಿದ್ದೇ ಏರಿದ್ದು, ಆಮೇಲೆ ಬಿದ್ದಿದ್ದೂ ಸಾಲದ ಗುಳ್ಳೆ ಒಡೆದು, ಮಕ್ಕಳು ಕಮ್ಮಿ ಆಗಿ ಅಲ್ಲ. ಅಷ್ಟು ಓದಿದವ್ರೇ ಹಳ್ಳಕ್ಕೆ ಬಿದ್ರು, ನಾವು ನೀವು ಯಾವ ಲೆಕ್ಕ.

ಅಂಕಿ ಹುಚ್ಚ:
ಆ ಪೇಪರ್ ಎತ್ತಿದ್ದು ಒಳ್ಳೇದೇ ಆಯ್ತು, ಅವ್ರು ತಪ್ಪಿದ್ದು ನಾನು ಹೇಳ್ತಿರೋ ಜಾಗದಲ್ಲೇ. ಒಂದು ವಯಸ್ಸಿನವ್ರು ಇಷ್ಟು ಜನ, ಅವ್ರಿಗೆ ಇಷ್ಟು ಮನೆ ಅಂತ ಗುಣಿಸಿಬಿಟ್ರು. ವಯಸ್ಸಾದವ್ರು ಮನೆ ಬಿಟ್ಕೊಡಲ್ಲ, ಹೊರಗಿಂದ ವಲಸೆ ಬರ್ತಾರೆ, ಬಡ್ಡಿ ಇಳಿಯುತ್ತೆ, ಇದ್ಯಾವುದೂ ಆ ಗುಣಾಕಾರದಲ್ಲಿ ಇರ್ಲಿಲ್ಲ. ಇನ್ನು 2020ರ ಮಾತು ಅಂದ್ರಲ್ಲ, ಅಮೆರಿಕದಲ್ಲಿ ಬೇಬಿ ಬೂಮ್ ಆದ್ಮೇಲೆ ಕಮ್ಮಿ ಆಗಿದ್ದ ಹುಟ್ಟು ಮತ್ತೆ ಏರಿ 1990ರ ಸುಮಾರಿಗೆ ಒಂದು ಶಿಖರ ಮುಟ್ಟಿತ್ತು. ಅವ್ರಿಗೆ ಮೂವತ್ತು ತುಂಬಿದ್ದು ಯಾವಾಗ, 2020ರಲ್ಲಿ. ಅದೇ ಹೊತ್ತಿಗೆ ಬಡ್ಡೀನೂ ಬಿತ್ತು. ಒಣಗಿದ ಹುಲ್ಲು ಮೊದ್ಲೇ ಬಿದ್ದಿತ್ತು, ಬೆಂಕಿಕಡ್ಡಿ ಆಮೇಲೆ ಗೀರಿದ್ರು. ನೀವು ಬರೀ ಕಡ್ಡಿ ನೋಡ್ತಿದೀರ.

ನೇರ ಮಾತು:
ಹುಲ್ಲಿಗೆ ಯಾರೂ ಶಿಕ್ಷೆ ಕೊಡಲ್ಲ, ಕಡ್ಡಿ ಗೀರಿದೋನಿಗೇ ಕೊಡೋದು.

ಗಾರೆ ಗುಂಡು:
ನಾನು ಕಟ್ಟೋ ಕೆಲಸದವ್ನು, ನಂಗೆ ಪೇಪರ್ ಗೀಪರ್ ಗೊತ್ತಿಲ್ಲ, ಆದ್ರೆ ಒಂಟಿ ಜನ ಜಾಸ್ತಿ ಆದ್ರು ಅಂದ್ರಲ್ಲ, ಹಂಗಂದ್ರೆ ಚಿಕ್ಕ ಮನೆ ಜಾಸ್ತಿ ಕಟ್ಬೇಕು ತಾನೆ, ಕಟ್ಟಲ್ಲ. ಯಾಕೆ ಅಂತ ಕೇಳಿ. ಒಂದು ಮನೇಲಿ ಖರ್ಚು ಹಿಡಿಯೋದು ಬಚ್ಚಲು ಮತ್ತೆ ಅಡುಗೆಮನೆ, ಪೈಪು ಟೈಲ್ಸು ಫಿಟ್ಟಿಂಗು ವಾಟರ್ ಪ್ರೂಫಿಂಗು ಎಲ್ಲ ಅಲ್ಲೇ. ಬೆಡ್‌ರೂಮ್ ಅಂದ್ರೆ ಏನು, ನಾಲ್ಕು ಗೋಡೆ ಒಂದು ಕಿಟಕಿ ಎರಡು ಸ್ವಿಚ್ಚು. ಒಂದು ರೂಮಿನ ಮನೆಗೂ ಬಚ್ಚಲು ಅಡುಗೆಮನೆ ಒಂದೊಂದು ಬೇಕು, ಮೂರು ರೂಮಿನ ಮನೆಗೂ ಅಡುಗೆಮನೆ ಒಂದೇ. ಹಂಗಾಗಿ ಚಿಕ್ಕ ಮನೆಗೆ ಅಡಿ ಲೆಕ್ಕದಲ್ಲಿ ಖರ್ಚು ಜಾಸ್ತಿ ಬೀಳುತ್ತೆ, ಲಾಭ ಕಮ್ಮಿ. ಇದ್ರ ಮೇಲೆ ಮನೆಗೊಂದು ಕಾರು ಪಾರ್ಕಿಂಗ್ ಬಿಡ್ಲೇಬೇಕು ಅಂತ ರೂಲ್ಸ್ ಇದ್ರೆ ಮುಗೀತು, ಕಾರೇ ಇಲ್ದೋನಿಗೂ ಕಾರಿಗೆ ಮನೆ ಕಟ್ಕೊಡ್ಬೇಕು. ದೊಡ್ಡ ಹಳೇ ಮನೇನ ಎರಡು ಮಾಡ್ಕೊಡಿ ಅಂತ ಬರ್ತಾರೆ, ಅದಕ್ಕೆ ಪರ್ಮಿಶನ್ ತಗೊಳೋದ್ರೊಳಗೆ ಕೇಳಿದೋನ ತಲೆಗೂದಲು ಹಣ್ಣಾಗಿರುತ್ತೆ.

ಇನ್ನೊಂದು ವಿಷಯ ಯಾರೂ ಮಾತಾಡಲ್ಲ, ಕಟ್ಟೋರಿಗೂ ವಯಸ್ಸಾಗ್ತಿದೆ. ನನ್ನ ಗುಂಪಲ್ಲಿ ಒಳ್ಳೆ ಪ್ಲಾಸ್ಟರಿಂಗ್ ಕೈ ಇರೋರು ಮೂರೇ ಜನ, ಮೂವರೂ ಐವತ್ತು ದಾಟಿದವ್ರು, ಒಬ್ರಿಗೆ ಮಂಡಿ ಹೋಗಿ ಸಾರ್ವೆ ಹತ್ತಲ್ಲ. ಹುಡುಗ್ರು ಬರ್ತಾರೆ, ಎರಡು ತಿಂಗಳು ಇದ್ದು ಡೆಲಿವರಿ ಕೆಲಸಕ್ಕೆ ಹೋಗ್ತಾರೆ. ತಪ್ಪು ಅಂತ ಹೇಳ್ತಿಲ್ಲ, ನನ್ನ ಮಗನೂ ಈ ಕಡೆ ತಲೆ ಹಾಕಿಲ್ಲ.

ಅಂಕಿ ಹುಚ್ಚ:
ಗುಂಡಣ್ಣ ಹೇಳಿದ್ದು ಅವ್ರ ಗುಂಪಿಂದು ಮಾತ್ರ ಅಲ್ಲ. ಜಪಾನಲ್ಲಿ ಕಟ್ಟಡ ಕೆಲಸದವ್ರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ 55 ದಾಟಿದವ್ರು. ಅಮೆರಿಕದಲ್ಲಿ ಬೇರೆ ಥರ ಆಯ್ತು, 2005ರಲ್ಲಿ 20 ಲಕ್ಷಕ್ಕಿಂತ ಜಾಸ್ತಿ ಹೊಸ ಮನೆ ಕೆಲಸ ಶುರುವಾಗಿತ್ತು, 2009ರಲ್ಲಿ ಐದೂವರೆ ಲಕ್ಷಕ್ಕೆ ಬಿತ್ತು. ಆವಾಗ ಕೆಲಸ ಬಿಟ್ಟು ಹೋದವ್ರು ಎಷ್ಟೋ ಜನ ವಾಪಸ್ ಬರ್ಲೇ ಇಲ್ಲ. ಆ ವರ್ಷಗಳಲ್ಲಿ ಕಟ್ಟದೇ ಉಳಿದ ಮನೆಗಳಿಗೇ ಈಗ 1990ರಲ್ಲಿ ಹುಟ್ಟಿದವ್ರು ಬಡಿದಾಡ್ತಿರೋದು.

ಖಾಲಿ ರೂಮು:
ಎಲ್ರೂ ವಯಸ್ಸಾದವ್ರು ಮನೆ ಬಿಟ್ಕೊಡಲ್ಲ ಅಂತೀರಲ್ಲ, ಆ ವಯಸ್ಸಾದವಳು ನಾನೇ ಕಣಪ್ಪ. ಅರವತ್ತೊಂಬತ್ತು. ನಾಲ್ಕು ರೂಮಿನ ಮನೆ, ಇರೋಳು ನಾನೊಬ್ಳು. ಮೇಲಿನ ಎರಡು ರೂಮು ಬೀಗ, ಶನಿವಾರ ಶನಿವಾರ ತೆಗೆದು ಧೂಳು ಹೊಡೆದು ಕಿಟಕಿ ಬಿಚ್ಚಿ ಮತ್ತೆ ಹಾಕ್ತೀನಿ. ಮಗನ ಓದೋ ಮೇಜು ಹಂಗೇ ಇದೆ, ಅದ್ರ ಡ್ರಾಯರಲ್ಲಿ ಬರೆಯದೇ ಇರೋ ಐದಾರು ಪೆನ್ನು, ಬಿಸಾಕೋಕೆ ಮನಸ್ಸು ಬರಲ್ಲ.

ಮಾರಿ ಚಿಕ್ಕ ಮನೆಗೆ ಹೋಗಿ ಅಂತ ಎಲ್ರೂ ಹೇಳ್ತಾರೆ. ಹೋಗಿ ನೋಡ್ಲಿಲ್ಲ ಅಂದ್ಕೊಂಡ್ರಾ? ಮಾರಿದ್ರೆ ಬ್ರೋಕರ್‌ಗೆ ಇಷ್ಟು, ಟ್ಯಾಕ್ಸ್ ಇಷ್ಟು, ಹೊಸದು ರಿಜಿಸ್ಟ್ರೇಶನ್‌ಗೆ ಮತ್ತಿಷ್ಟು. ಈ ಗುಂಡಣ್ಣ ಹೇಳಿದ ಹಾಗೆ ಚಿಕ್ಕ ಮನೆ ಅಂತ ಹೇಳಿ ಅಡಿಗೆ ಡಬಲ್ ಹೇಳ್ತಾರೆ. ಒಂದು ಕಡೆ ನಾಲ್ಕನೇ ಮಹಡಿ, ಲಿಫ್ಟ್ ಕೆಟ್ಟು ತಿಂಗಳಾಗಿತ್ತು. ಲೆಕ್ಕ ಹಾಕಿದ್ರೆ ದೊಡ್ಡ ಮನೆ ಕೊಟ್ಟು ಚಿಕ್ಕ ಮನೆ ತಗೊಂಡು ಕೈಯಲ್ಲಿ ಉಳಿಯೋದು ಅಷ್ಟಕ್ಕಷ್ಟೇ. ನಂಗೆ ಈ ಮನೆ ಅಂದ್ರೆ ಬರೀ ಮನೆ ಅಲ್ಲ, ನಾಳೆ ಆಸ್ಪತ್ರೆ ಅಂದ್ರೆ ಇದನ್ನೇ ಮಾರಿ ಕಟ್ಬೇಕು. ಪೆನ್ಶನ್ ನಂಬ್ಕೊಂಡು ಕೂರೋ ಕಾಲ ಅಲ್ಲ ಇದು.

ನೈಟ್ ಡ್ಯೂಟಿ:
ಅಮ್ಮ, ನಿಮ್ಮನ್ನ ಯಾರೂ ದೂರ್ತಿಲ್ಲ. ಆದ್ರೆ ಇದ್ರ ಇನ್ನೊಂದು ತುದೀಲಿ ನಾನಿದೀನಿ. ನರ್ಸ್ ನಾನು. ನಮ್ಮ ವಾರ್ಡಲ್ಲಿ ಬೆಡ್ಡುಗಳ ಮುಕ್ಕಾಲು ಪಾಲು ಎಪ್ಪತ್ತು ದಾಟಿದವ್ರೇ. ವಯಸ್ಸಾದವ್ರು ಜಾಸ್ತಿ ಆದಷ್ಟೂ ನಮ್ಮಂಥವ್ರು ಜಾಸ್ತಿ ಬೇಕು, ಆದ್ರೆ ಆಸ್ಪತ್ರೆ ಹತ್ರ ಮನೆ ಮಾಡೋ ಶಕ್ತಿ ನಮಗಿಲ್ಲ. ಅಲ್ಲೆಲ್ಲ ಇಪ್ಪತ್ತೈದು ವರ್ಷದ ಹಿಂದೆ ತಗೊಂಡವ್ರು ಇದಾರೆ, ಬಾಡಿಗೆ ನಮ್ಮ ಸಂಬಳದ ಅರ್ಧ ದಾಟುತ್ತೆ.

ಒಂದು ಕಡೆಗೆ ಒಂದೂ ಮುಕ್ಕಾಲು ಗಂಟೆ, ಎರಡು ಬಸ್ಸು. ಬೆಳಿಗ್ಗೆ ಎಂಟಕ್ಕೆ ಡ್ಯೂಟಿ ಮುಗಿಯುತ್ತೆ, ನಾನು ಮನೆ ಮುಟ್ಟೋ ಹೊತ್ತಿಗೆ ಮಗ ಸ್ಕೂಲಲ್ಲಿ ಎರಡನೇ ಪೀರಿಯಡ್‌ನಲ್ಲಿ ಇರ್ತಾನೆ. ಅವ್ನು ವಾಪಸ್ ಬರುವಾಗ ನಾನು ನಿದ್ದೆ, ಏಳೋದು ಐದೂವರೆಗೆ, ಆರಕ್ಕೆ ಮತ್ತೆ ಬಸ್ಸು. ನೈಟ್ ಇರೋ ವಾರ ಅವ್ನ ಜೊತೆ ನಂದು ದಿನಕ್ಕೆ ಅರ್ಧ ಗಂಟೆ, ಅದೂ ನಾನು ತಲೆ ಬಾಚ್ಕೊಳ್ತಾ ಅವ್ನು ಹೋಮ್‌ವರ್ಕ್ ತೋರಿಸ್ತಾ. ಬುಕ್ಕಲ್ಲಿ ಸೈನ್ ಮಾಡಿ ಮಾಡಿ ಬಾಚಣಿಗೇನೂ ಪೆನ್ನೂ ಒಂದೇ ಪೌಚಲ್ಲಿ ಇಟ್ಕೊಂಡಿದೀನಿ. ಮನೆ ಹತ್ರ ಇದ್ದಿದ್ರೆ ಇನ್ನೊಂದು ಮಗು ಬೇಕು ಅಂತ ಇತ್ತು. ಈಗ ಆ ಮಾತು ಮನೇಲಿ ಯಾರೂ ಎತ್ತಲ್ಲ.

ಮೂರನೇ ಮಹಡಿ:
ಅಕ್ಕ, ಓದಿ ಸುಮ್ನೆ ಕೂತ್ಬಿಟ್ಟೆ. ನಮ್ಮನೇಲೂ ಎರಡನೇ ಮಗು ಮಾತು ಹಿಂಗೇ ಸತ್ತೋಯ್ತು. ನಾನು ಕೇಳಿದ ಪ್ರಶ್ನೆ ತಿರುಗಿಸಿ ಕೇಳ್ಬೇಕೇನೋ ಅನ್ಸುತ್ತೆ, ಮನೆ ಸಿಗದೇ ಇರೋದ್ರಿಂದಲೇ ಜನ ಕಮ್ಮಿ ಆಗ್ತಿದಾರಾ ಅಂತ.

ನಕ್ಷೆ ಮೇಷ್ಟ್ರು:
ಎರಡೂ ಕಡೆಯಿಂದ ಎಳೆಯುತ್ತೆ. ಡೆಟ್ಲಿಂಗ್ ಮತ್ತು ಕೀರ್ನಿ ಅನ್ನೋ ಇಬ್ರು ಸಂಶೋಧಕಿಯರು 2014ರಲ್ಲಿ ಅಮೆರಿಕದ ಮೇಲೆ ಮಾಡಿದ ಕೆಲಸ ಇದೆ, ಮನೆ ಬೆಲೆ ಏರಿದಾಗ ಸ್ವಂತ ಮನೆ ಇರೋರಿಗೆ ಮಕ್ಕಳಾಗೋದು ಜಾಸ್ತಿ ಆಗುತ್ತೆ, ಬಾಡಿಗೇಲಿರೋರಿಗೆ ಕಮ್ಮಿ ಆಗುತ್ತೆ ಅಂತ. ಒಂದೇ ಬೆಲೆ ಏರಿಕೆ, ಒಬ್ರಿಗೆ ಸಿರಿ ಬಂದ ಹಾಗೆ, ಇನ್ನೊಬ್ರಿಗೆ ಬಾಗಿಲು ಮುಚ್ಚಿದ ಹಾಗೆ. ಹಂಗಾಗಿ ಸರಾಸರಿ ತೆಗೆದ್ರೆ ಈ ವ್ಯತ್ಯಾಸ ಕಾಣಲ್ಲ, ನಿಮ್ಮಂಥ ಸಂಸಾರಗಳು ಸರಾಸರಿಯೊಳಗೆ ಮುಳುಗೋಗ್ತವೆ.

ಆದ್ರೆ ಮನೆ ಕೊಟ್ಬಿಟ್ರೆ ಮಕ್ಕಳು ತಾನಾಗೇ ಹುಟ್ತವೆ ಅಂತಾನೂ ಅಂದ್ಕೋಬೇಡಿ. ಸಿಂಗಾಪುರ ನೋಡಿ. 1960ರಲ್ಲಿ ಅಲ್ಲಿ ಸರ್ಕಾರದ ಹೌಸಿಂಗ್ ಬೋರ್ಡ್ ಶುರುವಾಯ್ತು, ಇವತ್ತು ಅಲ್ಲಿಯ ಹೆಚ್ಚುಕಮ್ಮಿ ಶೇ 80 ಜನ ಇರೋದು ಬೋರ್ಡ್ ಕಟ್ಟಿದ ಫ್ಲ್ಯಾಟಲ್ಲೇ, 99 ವರ್ಷದ ಲೀಸು. ಮದುವೆ ಆಗೋ ಜೋಡಿಗೆ ಆದ್ಯತೆ, ಒಂಟಿ ಇದ್ರೆ 35 ತುಂಬೋ ತನಕ ಕಾಯ್ಬೇಕು. ಇಷ್ಟೆಲ್ಲ ಮಾಡಿದ್ರೂ 2023ರಲ್ಲಿ ಅಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 0.97 ಮಗು. ಕೆಲಸದ ಒತ್ತಡ, ಓದಿನ ಪೈಪೋಟಿ, ಮನೆಗೆಲಸ ಯಾರ ತಲೆ ಮೇಲೆ ಅನ್ನೋದು, ಇವಕ್ಕೆಲ್ಲ ಫ್ಲ್ಯಾಟ್ ಮದ್ದಲ್ಲ.

ಒಂಟಿ ಸಲಗ:
35 ತನಕ ಕಾಯ್ಬೇಕಾ?! ನಾನು ಅಲ್ಲಿ ಹುಟ್ಟಿದ್ರೂ ಇನ್ನೂ ಎರಡು ವರ್ಷ ಅಮ್ಮನ ಬೈಗುಳ ತಿನ್ಬೇಕಿತ್ತು.

ನೇರ ಮಾತು:
ಮೇಷ್ಟ್ರೇ, ಜಪಾನಲ್ಲಿ ಲಕ್ಷಗಟ್ಟಲೆ ಮನೆ ಖಾಲಿ ಬಿದ್ದಿದೆ ಅಂತಾರಲ್ಲ. ಹಂಗಾದ್ರೆ ಮನೆ ಸಾಲ್ದು ಅನ್ನೋದೇ ಸುಳ್ಳಲ್ವಾ?

ನಕ್ಷೆ ಮೇಷ್ಟ್ರು:
2023ರ ಸರ್ವೇಲಿ ಜಪಾನಲ್ಲಿ 90 ಲಕ್ಷ ಮನೆ ಖಾಲಿ ಅಂತ ಬಂತು, ಒಟ್ಟು ಮನೆಗಳಲ್ಲಿ ಶೇ 13.8. ಬಾಡಿಗೆಗೆ ಮಾರಾಟಕ್ಕೆ ಅಂತ ಖಾಲಿ ಇರೋದೂ ಅದ್ರಲ್ಲಿ ಸೇರಿದೆ, ಹಾಗಿದ್ರೂ ದೊಡ್ಡ ಸಂಖ್ಯೆನೇ. ಆದ್ರೆ ಕೈಬಿಟ್ಟು ಹೋದ ಮನೆಗಳು ಹೆಚ್ಚಾಗಿ ಎಲ್ಲಿವೆ ನೋಡಿ, ಕೆಲಸ ಇಲ್ಲದ ಕಡೆ, ಸ್ಕೂಲು ಮುಚ್ಚಿದ ಕಡೆ, ರೈಲು ನಿಂತ ಕಡೆ. ಅಲ್ಲಿ ಖಾಲಿ ಇರೋ ಮನೆ ಟೋಕಿಯೋದಲ್ಲಿ ದುಡಿಯೋನಿಗೆ ಏನು ಪ್ರಯೋಜನ? ಮನೇನ ಲಾರಿ ಮೇಲೆ ಹಾಕ್ಕೊಂಡು ಬರೋಕಾಗಲ್ಲ. ಜನ ಕಮ್ಮಿ ಆದಷ್ಟೂ ಉಳಿದವ್ರು ಒಂದೇ ಕಡೆ ಸೇರ್ಕೊತಾರೆ, ಯಾಕಂದ್ರೆ ಕೆಲಸ, ಆಸ್ಪತ್ರೆ, ಜೊತೆಗಾರರು ಎಲ್ಲ ಅಲ್ಲೇ. ಕೊರಿಯಾದಲ್ಲಿ ದೇಶದ ಅರ್ಧ ಜನ ಸಿಯೋಲ್ ಮತ್ತು ಅದ್ರ ಸುತ್ತಮುತ್ತಲೇ ಇರೋದು.

ಇದ್ರಲ್ಲಿ ಒಂದು ತಮಾಷೆ ಇದೆ. ಜಪಾನಲ್ಲಿ ಜಾಗದ ಮೇಲೆ ಮನೆ ನಿಂತಿದ್ರೆ ಭೂಮಿ ತೆರಿಗೆಗೆ ದೊಡ್ಡ ರಿಯಾಯಿತಿ, ಚಿಕ್ಕ ಸೈಟಾದ್ರೆ ತೆರಿಗೆ ಹಾಕೋ ಮೌಲ್ಯ ಆರನೇ ಒಂದಕ್ಕೆ ಇಳಿಯುತ್ತೆ. ಅಪ್ಪ ಅಮ್ಮ ತೀರ್ಕೊಂಡ ಮೇಲೆ ಮಕ್ಕಳು ಆ ಮುರುಕಲು ಮನೇನ ಕೆಡವಿದ್ರೆ ತೆರಿಗೆ ಏರುತ್ತೆ, ಕೆಡವೋಕೂ ದುಡ್ಡು ಬೇಕು, ಅದಕ್ಕೆ ಹಂಗೇ ಬಿಡ್ತಾರೆ. ಮನೆ ಬೇಕಾಗಿದ್ದ ಕಾಲದಲ್ಲಿ ಮನೆ ಕಟ್ಲಿ ಅಂತ ಮಾಡಿದ ರೂಲ್ಸು ಮನೆ ಬೇಡವಾದ ಕಾಲದಲ್ಲಿ ಪಾಳು ಮನೆ ಸಾಕ್ತಿತ್ತು. 2015ರಲ್ಲಿ ಹೊಸ ಕಾನೂನು ತಂದು ತೀರಾ ಅಪಾಯದ ಸ್ಥಿತೀಲಿರೋ ಮನೆಗೆ ಆ ರಿಯಾಯಿತಿ ಕಿತ್ಕೊಳೋ ಹಾಗೆ ಮಾಡಿದ್ರು.

ಅಂಕಿ ಹುಚ್ಚ:
ಅಮ್ಮ ಹೇಳಿದ್ರಲ್ಲ ಮಾರೋಕೆ ಹೋದ್ರೆ ಖರ್ಚು ಅಂತ, ಅದಕ್ಕೂ ಇದೇ ಥರದ ರೂಲ್ಸುಗಳಿವೆ. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಪ್ರಾಪ್ 13 ಅನ್ನೋ ಕಾನೂನು ತಂದ್ರು, ಮನೆ ತೆರಿಗೆ ತಗೊಂಡಾಗಿನ ಬೆಲೆಗೆ ಕಟ್ಟಿಹಾಕಿ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಮೌಲ್ಯ ಏರಿಸೋ ಹಾಗಿಲ್ಲ ಅಂತ. ಹಳಬ್ರು ತೆರಿಗೆ ಕಟ್ಟೋಕಾಗ್ದೆ ಮನೆ ಕಳ್ಕೋಬಾರ್ದು ಅನ್ನೋ ಉದ್ದೇಶ. ಆದ್ರೆ ಪಕ್ಕಪಕ್ಕದ ಎರಡು ಒಂದೇ ಥರದ ಮನೇಲಿ ಮೂವತ್ತು ವರ್ಷದ ಹಿಂದೆ ತಗೊಂಡೋರು ಕಟ್ಟೋದಕ್ಕೂ ನಿನ್ನೆ ಬಂದ ಮಕ್ಕಳೊಂದಿಗರು ಕಟ್ಟೋದಕ್ಕೂ ಅಜಗಜಾಂತರ. ಹಿಂಗಿರುವಾಗ ಹಳಬ್ರು ಯಾಕೆ ಮನೆ ಬದಲಾಯಿಸ್ತಾರೆ?

ಮೊನ್ನೆ ಮೊನ್ನೆ ಬಡ್ಡೀಲೂ ಹಿಂಗೇ ಆಯ್ತು. ಅಮೆರಿಕದಲ್ಲಿ 30 ವರ್ಷಕ್ಕೂ ಒಂದೇ ಬಡ್ಡಿ ಇರೋ ಸಾಲ ಸಿಗುತ್ತೆ. 2021ರಲ್ಲಿ ಶೇ 3ರ ಒಳಗೆ ಸಾಲ ತಗೊಂಡೋರು 2023ರಲ್ಲಿ ಬಡ್ಡಿ 7 ದಾಟಿದಾಗ, ಮನೆ ಬದಲಾಯ್ಸಿದ್ರೆ ಹೊಸ ಬಡ್ಡಿ ಬೀಳುತ್ತೆ ಅಂತ ಇದ್ದಲ್ಲೇ ಕೂತ್ರು. ಮಕ್ಕಳು ಹುಟ್ಟಿ ರೂಮು ಸಾಲದವ್ರೂ ಕದಲಲ್ಲ, ಮಕ್ಕಳು ಹೋಗಿ ರೂಮು ಖಾಲಿ ಇರೋರೂ ಕದಲಲ್ಲ. 2024ರಲ್ಲಿ ಅಲ್ಲಿ ಮೊದಲ ಸಲ ಮನೆ ಕೊಳ್ಳೋರ ಮಧ್ಯದ ವಯಸ್ಸು (ಅರ್ಧ ಜನ ಅದಕ್ಕಿಂತ ಚಿಕ್ಕವ್ರು, ಅರ್ಧ ಜನ ದೊಡ್ಡವ್ರು) 38 ಅಂತ ಅಲ್ಲಿಯ ರಿಯಲ್ ಎಸ್ಟೇಟ್ ಸಂಘದ ಲೆಕ್ಕ. ಎಂಬತ್ತರ ದಶಕದ ಶುರುವಲ್ಲಿ ಮೂವತ್ತರ ಒಳಗಿತ್ತು.

ನೇರ ಮಾತು:
ನೋಡಿ ಕೊನೆಗೆ ಎಲ್ಲಿಗೆ ಬಂದ್ರಿ. ತೆರಿಗೆ, ಬಡ್ಡಿ, ರೂಲ್ಸು. ನಾನು ಮೊದ್ಲಿಂದ ಹೇಳ್ತಿರೋದು ಇದೇ.

ಅಂಕಿ ಹುಚ್ಚ:
ಒಪ್ಕೊತೀನಿ, ಅರ್ಧ. ರೂಲ್ಸು ಯಾವಾಗ ಕಚ್ಚುತ್ತೆ ಅನ್ನೋದನ್ನ ವಯಸ್ಸು ತೀರ್ಮಾನ ಮಾಡುತ್ತೆ. ಎಲ್ರೂ ಮೂವತ್ತರವ್ರೇ ಇದ್ದ ಊರಲ್ಲಿ ಆ ತೆರಿಗೆ ರೂಲ್ಸು ಇದ್ರೂ ಒಂದೇ ಇಲ್ದಿದ್ರೂ ಒಂದೇ.

ನಕ್ಷೆ ಮೇಷ್ಟ್ರು:
ನನ್ನ ಮಟ್ಟಿಗೆ ಇಡೀ ಗೋಳು ಇರೋದು ಎರಡು ಗಡಿಯಾರದಲ್ಲಿ. ಮನೆ ಒಂದು ಸಲ ಕಟ್ಟಿದ್ರೆ ಅರವತ್ತು ಎಂಬತ್ತು ವರ್ಷ ನಿಲ್ಲುತ್ತೆ, ಊರಿನ ಜನ ಇಪ್ಪತ್ತು ವರ್ಷಕ್ಕೆ ಬದಲಾಗ್ತಾರೆ. ಜರ್ಮನಿಯ ಲೈಪ್‌ಜಿಗ್ ಅಂತ ಊರಿದೆ. 1990ರಲ್ಲಿ ಎರಡು ಜರ್ಮನಿ ಒಂದಾದ ಮೇಲೆ ಫ್ಯಾಕ್ಟರಿಗಳು ಮುಚ್ಚಿ ಪೂರ್ವದ ಈ ಊರಿನ ಹರೆಯದವ್ರೆಲ್ಲ ಪಶ್ಚಿಮಕ್ಕೆ ಹೋದ್ರು, ಜನಸಂಖ್ಯೆ ನಾಲ್ಕೂವರೆ ಲಕ್ಷದ ಒಳಗೆ ಬಿತ್ತು, ಬೀದಿ ಬೀದೀಲಿ ಖಾಲಿ ಮನೆ. 2002ರಲ್ಲಿ ಪೂರ್ವ ಜರ್ಮನಿಗೆ ಅಂತ ಸರ್ಕಾರ ಒಂದು ಯೋಜನೆ ತಂದು ಖಾಲಿ ಫ್ಲ್ಯಾಟುಗಳನ್ನ ದುಡ್ಡು ಕೊಟ್ಟು ಕೆಡವಿಸ್ತು. ಅಷ್ಟರಲ್ಲಿ ಆ ಊರಿಗೆ ಹುಡುಗ್ರು ವಾಪಸ್ ಬರೋಕೆ ಶುರು, ಈಗ ಆರು ಲಕ್ಷ ದಾಟಿದೆ, ಬಾಡಿಗೆ ಏರಿ ಜನ ಬಾಯಿ ಬಾಯಿ ಬಡ್ಕೊತಿದಾರೆ. ಇಪ್ಪತ್ತು ವರ್ಷದೊಳಗೆ ಮನೆ ಜಾಸ್ತಿ ಆಯ್ತು ಅಂತ ಕೆಡವಿದ ಊರಲ್ಲೇ ಮನೆ ಇಲ್ಲ ಅನ್ನೋ ಕೂಗು.

ಆಸ್ಟ್ರಿಯಾದ ವಿಯೆನ್ನಾನೂ ಹಿಂಗೇ ಇಳಿದು ಹತ್ತಿದ ಊರು, 1910ರಲ್ಲಿ 20 ಲಕ್ಷ, ಎಂಬತ್ತರ ದಶಕದಲ್ಲಿ 15 ಲಕ್ಷ, 2023ರಲ್ಲಿ ಮತ್ತೆ 20 ಲಕ್ಷ. ಆದ್ರೆ ಅಲ್ಲಿ ಜನ ಇಳಿದಾಗ್ಲೂ ನಗರಸಭೆ ತನ್ನ ಮನೆಗಳನ್ನ ಮಾರ್ಕೊಳ್ಲಿಲ್ಲ. 1923ರಲ್ಲಿ ದೊಡ್ಡ ಮನೆಯವ್ರಿಗೆ ಜಾಸ್ತಿ ಬೀಳೋ ಹಾಗೆ ಒಂದು ಮನೆ ತೆರಿಗೆ ಹಾಕಿ, ಆ ದುಡ್ಡಲ್ಲಿ ಹತ್ತು ವರ್ಷದಲ್ಲಿ 60 ಸಾವಿರಕ್ಕಿಂತ ಜಾಸ್ತಿ ಮನೆ ಕಟ್ಟಿದ್ರು, ಅವು ಕೂಲಿಯವ್ರಿಗೆ ಬಾಡಿಗೆಗೆ. ಒಂದು ಕಟ್ಟಡ ಅಂತೂ ಒಂದು ಕಿಲೋಮೀಟರ್ ಉದ್ದ ಇದೆ, ಒಳಗೇ ಬಟ್ಟೆ ಒಗೆಯೋ ಜಾಗ, ಶಿಶುವಿಹಾರ ಎಲ್ಲ. ಇವತ್ತಿಗೂ ನಗರಸಭೆ ಕೈಲಿ ಸುಮಾರು 2.2 ಲಕ್ಷ ಮನೆ. ಬ್ರಿಟನ್ ಉಲ್ಟಾ ಮಾಡ್ತು, 1980ರ ಕಾನೂನಲ್ಲಿ ಸರ್ಕಾರಿ ಮನೆಗಳನ್ನ ಅದ್ರಲ್ಲಿದ್ದ ಬಾಡಿಗೆದಾರರಿಗೇ ರಿಯಾಯಿತೀಲಿ ಮಾರಿದ್ರು, ಹೆಚ್ಚುಕಮ್ಮಿ 20 ಲಕ್ಷ ಮನೆ ಹೋಯ್ತು. ಆವತ್ತು ತಗೊಂಡ ಸಂಸಾರಗಳಿಗೆ ಒಳ್ಳೇದೇ ಆಯ್ತು, ಅದನ್ನ ಅಲ್ಲಗಳೆಯಲ್ಲ. ಹೋದಷ್ಟು ಮನೆ ವಾಪಸ್ ಕಟ್ಲಿಲ್ಲ, ಅಷ್ಟೇ.

ಗಾರೆ ಗುಂಡು:
ಒಂದು ಕಿಲೋಮೀಟರ್ ಉದ್ದದ ಬಿಲ್ಡಿಂಗಾ, ಲೆವೆಲ್ ಹೆಂಗೆ ಹಿಡಿದ್ರಪ್ಪ ಆ ಕಾಲದಲ್ಲಿ.

ಮೂರನೇ ಮಹಡಿ:
ನನ್ ಹೆಂಡ್ತಿ ಇದನ್ನೆಲ್ಲ ಓದಿ ಒಂದು ಪ್ರಶ್ನೆ ಕೇಳಿದ್ಲು. ಆದಾಯದಲ್ಲಿ ಶೇ 30 ಬಾಡಿಗೆಗೆ ಹೋದ್ರೆ ಸರಿ, ಅದಕ್ಕಿಂತ ಜಾಸ್ತಿ ಹೋದ್ರೆ ಕಷ್ಟ ಅಂತ ಎಲ್ಲ ಕಡೆ ಬರೀತಾರಲ್ಲ, ಈ 30 ಎಲ್ಲಿಂದ ಬಂತು ಅಂತ. ಅವಳ ಡೈರೀಲಿ ಬಾಡಿಗೆ ಒಂದು ಸಾಲು ಅಷ್ಟೇ, ಅದ್ರ ಕೆಳಗೆ ಡೇಕೇರ್, ಅತ್ತೆ ಮಾತ್ರೆ, ಸ್ಕೂಲ್ ವ್ಯಾನ್, ಕೊನೇ ಸಾಲಲ್ಲಿ ಉಳಿಕೆ ಅಂತ ಬರೆದು ಪ್ರಶ್ನೆ ಚಿಹ್ನೆ.

ಅಂಕಿ ಹುಚ್ಚ:
ಅತ್ತಿಗೆ ಕೇಳಿದ್ದು ಸರಿಯಾದ ಪ್ರಶ್ನೆ. 1969ರಲ್ಲಿ ಅಮೆರಿಕದಲ್ಲಿ ಎಡ್ವರ್ಡ್ ಬ್ರೂಕ್ ಅನ್ನೋ ಸೆನೆಟರ್ ಸರ್ಕಾರಿ ಮನೆಗಳ ಬಾಡಿಗೆ ಆದಾಯದ ಶೇ 25 ದಾಟ್ಬಾರ್ದು ಅಂತ ಕಾನೂನಿಗೆ ತಿದ್ದುಪಡಿ ತಂದ್ರು, 1981ರಲ್ಲಿ ಅದನ್ನ 30 ಮಾಡಿದ್ರು. ಅಂದ್ರೆ ಅದು ವಿಜ್ಞಾನ ಅಲ್ಲ, ಬಡವರ ಮನೆ ಬಾಡಿಗೆಗೆ ಹಾಕಿದ ಒಂದು ಗೆರೆ, ಆಮೇಲೆ ಎಲ್ರ ಅಳತೆಗೋಲಾಯ್ತು. ಆದ್ರೆ ಒಂಟಿ ಸಲಗ ನೂರಕ್ಕೆ 40 ಬಾಡಿಗೆ ಕೊಟ್ಟು 60ರಲ್ಲಿ ಆರಾಮಾಗಿ ಇರ್ತಾನೆ. ನಿಮ್ಮನೇಲಿ ಅದೇ 60ರಲ್ಲಿ ಮೇಲೊಂದು ತಲೆಮಾರು ಕೆಳಗೊಂದು ತಲೆಮಾರು ಸಾಕ್ಬೇಕು. ಶೇಕಡಾ ಬಿಟ್ಟು ಉಳಿಕೆ ನೋಡ್ಬೇಕು, ಡೈರೀಲಿ ಬರೆದಿರೋ ಹಾಗೆ.

ಒಂಟಿ ಸಲಗ:
ಆರಾಮಾಗಿ ಏನಿಲ್ಲ ಗುರು. ಎರಡು ಸಂಬಳದ ಜೋಡಿ ಒಂದು ರೂಮಿನ ಮನೆಗೆ ಬಂದ್ರೆ ಒಂದು ಸಂಬಳದ ನನ್ನನ್ನ ಓನರ್ ತಿರುಗಿನೂ ನೋಡಲ್ಲ. ಆ ಜೋಡೀನ ಮೂರು ಸಂಬಳ ಒಟ್ಟು ಹಾಕಿ ಬಂದ ಮೂರು ಜನ ಹುಡುಗ್ರು ದೊಡ್ಡ ಮನೆಯಿಂದ ಓಡಿಸ್ತಾರೆ. ದೊಡ್ಡ ಮನೆ ಸಿಗದೇ ಸಂಸಾರದವ್ರು ಚಿಕ್ಕದಕ್ಕೆ ಬರ್ತಾರೆ, ನಾನು ಪಿಜಿಗೆ ಹೋಗ್ತೀನಿ.

ನಕ್ಷೆ ಮೇಷ್ಟ್ರು:
ಖಾಲಿ ರೂಮು ಮೇಡಂ, ಜರ್ಮನಿಯ ಎಷ್ಟೋ ಊರುಗಳಲ್ಲಿ ಒಂದು ಪದ್ಧತಿ ಇದೆ. ದೊಡ್ಡ ಮನೇಲಿ ಒಬ್ರೇ ಇರೋ ಹಿರಿಯರು ಒಂದು ರೂಮನ್ನ ವಿದ್ಯಾರ್ಥಿಗೆ ಕೊಡ್ತಾರೆ, ಬಾಡಿಗೆ ಬದಲು ಕೆಲಸ, ಒಂದು ಚದರ ಮೀಟರ್‌ಗೆ ತಿಂಗಳಿಗೆ ಒಂದು ಗಂಟೆ ಅನ್ನೋ ಲೆಕ್ಕ. ಹದಿನೈದು ಮೀಟರ್ ರೂಮಾದ್ರೆ ತಿಂಗಳಿಗೆ ಹದಿನೈದು ಗಂಟೆ, ಸಾಮಾನು ತರೋದು, ತೋಟ, ಕಂಪ್ಯೂಟರ್ ನೋಡ್ಕೊಡೋದು. ಮೈ ತೊಳೆಸೋದು ಮಾತ್ರೆ ಕೊಡೋದು ಥರದ ಆರೈಕೆ ಅದ್ರಲ್ಲಿ ಸೇರಲ್ಲ.

ಖಾಲಿ ರೂಮು:
ಕೇಳೋಕೆ ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ಯಾರೋ ಏನೋ ಅಂತ ಭಯ, ರಾತ್ರಿ ಬಾಗಿಲು ಯಾರು ಹಾಕ್ತಾರೆ ಅನ್ನೋದ್ರಿಂದ ಹಿಡಿದು. ಮಗನಿಗೆ ಹೇಳಿದ್ರೆ ಆ ರೂಮು ನಂದಲ್ವಾ ಅಂತಾನೆ, ಬಂದು ಎರಡು ವರ್ಷ ಆಯ್ತು. ನೈಟ್ ಡ್ಯೂಟಿ ಮಾಡೋ ಹುಡುಗಿ ಬರೆದಿದ್ದು ಓದಿ ನಿನ್ನೆ ಮೇಲಿನ ರೂಮಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಮ್ಮನೆಯಿಂದ ಆಸ್ಪತ್ರೆ ನಡ್ಕೊಂಡು ಹೋದ್ರೆ ಹತ್ತು ನಿಮಿಷ. ನಿಮ್ಮ ಆಸ್ಪತ್ರೆ ಅಲ್ಲ ಬಿಡು, ಬೇರೆ ಯಾವುದೋ ಊರಿರುತ್ತೆ. ಆದ್ರೆ ಅಲ್ಲೂ ಎರಡು ಬಸ್ಸು ಹತ್ತಿ ಬರೋರು ಇರ್ತಾರಲ್ಲ.

ನೈಟ್ ಡ್ಯೂಟಿ:
ಇರ್ತಾರೆ ಅಮ್ಮ. ಗ್ಯಾರಂಟಿ ಇರ್ತಾರೆ. ಕೇಳೋದಾದ್ರೆ ಮೊದ್ಲು ಒಂದು ತಿಂಗಳು ಅಂತ ಹೇಳಿ ಕೊಡಿ, ಬಾಗಿಲು ಬೀಗ ಊಟ ನೀರು ಎಲ್ಲ ಮೊದಲೇ ಬರೆದಿಟ್ಕೊಳ್ಳಿ. ಮತ್ತೆ ಅವ್ರಿಗೆ ಮಗು ಇದ್ರೆ ಬೇಡ ಅನ್ಬೇಡಿ.

ಗಾರೆ ಗುಂಡು:
ಮೇಲಿನ ರೂಮಿಗೆ ಹೊರಗಡೆಯಿಂದ ಒಂದು ಮೆಟ್ಲು ಹಾಕಿಸ್ಕೊಳ್ಳಿ ಅಮ್ಮ, ಮೂಲೇಲಿ ಬಚ್ಚಲು ಇದ್ರೆ ಕೆಲಸ ಅರ್ಧ ಕಮ್ಮಿ. ರಾತ್ರಿ ಬಾಗಿಲ ತಾಪತ್ರಯ ಅಲ್ಲಿಗೇ ಮುಗಿಯುತ್ತೆ. ಆಮೇಲೆ ಆ ಮೂರನೇ ಮಹಡಿ ಸಾರ್, ಬೋಲ್ಟ್ ಕಳೆದೋಗಿ ಐದು ವರ್ಷ ಆಗಿರ್ಬೇಕು, ಇನ್ನೂ ಯಾಕೆ ಕಿರ್ರ್ ಅನ್ನಿಸ್ಕೊಂಡು ಮಲಗ್ತೀರ. ಇನ್ನೊಂದು ಬೋಲ್ಟ್ ಬಿಚ್ಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಅದೇ ದಪ್ಪ ಅದೇ ಉದ್ದ ಕೇಳಿ, ಎರಡು ವಾಷರ್ ಹಾಕಿ ಬಿಗೀರಿ. ಒಂದು ಜಾಸ್ತೀನೇ ತಗೊಂಡು ಆ ಮಾತ್ರೆ ಡಬ್ಬೀಲಿ ಇಟ್ಕೊಂಡಿರಿ.